ಎರಡು ಟಿಕ್ಕಿಗೆ ಒಂದು ಲಾಂದ್ರ

ಕಡಲೂ ಆಕಾಶವೂ ಇನ್ನೂ ಒಂದೇ ಬಣ್ಣದಲ್ಲಿವೆ. ದಂಡೆಯ ತೆಂಗಿನ ದಿಮ್ಮಿಯ ಮೇಲೆ ಕಾಲು ಮಡಚಿ ಕೂತಿದ್ದಾರೆ ಕಸಿಲ್ಡಾ. ಮಡಿಲಲ್ಲಿ ಪ್ಲಾಸ್ಟಿಕ್ ಚೀಲ ಹೊದ್ದ ಪುಟ್ಟ ಸ್ಕ್ಯಾನರ್ ರೇಡಿಯೋ, ಕಿವಿಯಲ್ಲಿ ಇಯರ್‌ಫೋನು, ಪಕ್ಕದಲ್ಲಿ ಬತ್ತಿ ತಗ್ಗಿಸಿದ ಲಾಂದ್ರ. ಕಣ್ಣು ಮುಚ್ಚಿದೆ. ನಿದ್ದೆಹೋದರೇನೋ ಅಂದುಕೊಳ್ಳುವಷ್ಟರಲ್ಲಿ ಎದ್ದು ಲಾಂದ್ರವನ್ನು ಬಿದಿರ ಗಳಕ್ಕೆ ಸಿಕ್ಕಿಸಿ ಮೇಲೆತ್ತುತ್ತಾರೆ.

"ಗೋರ್ಯೋ ಬಂದ."

ಕಡಲ ಮೇಲೆ ಏನೂ ಇಲ್ಲ. ಅನ್ನ ಬೇಯುವಷ್ಟು ಹೊತ್ತು ಕಳೆದ ಮೇಲೆ ಮಂಜಿನೊಳಗಿಂದ ದೋಣಿಯ ಮೂಗು ಹೊರಬರುತ್ತದೆ.

ಸಾಮಾರ್ ದ್ವೀಪದ ಈ ಊರಿನ ಬೆಸ್ತರು 'ಮನೆಗೆ ಬರ್ತಿದೀನಿ' ಎಂದು ಕಡಲ ಮೇಲೆ ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದರೆ ಕಡಲು ಕೇಳಿಸಿಕೊಂಡು ತಡೆಯುತ್ತದಂತೆ. ಹವಳದ ದಿಬ್ಬ ಹತ್ತಿರವಾದಾಗ ದೋಣಿಯ ರೇಡಿಯೋದ ಗುಂಡಿಯನ್ನು ಎರಡು ಸಲ ಒತ್ತಿ ಬಿಡುತ್ತಾರೆ. ಟಿಕ್, ಟಿಕ್. ಅದನ್ನು ಕೇಳಿ, ದೋಣಿ ನುಸುಳುವ ದಿಬ್ಬದ ಸಂದಿಗೆ ನೇರವಾಗಿ ಲಾಂದ್ರ ಎತ್ತುವುದು ಕಸಿಲ್ಡಾರ ಕೆಲಸ. ಊರಿಗೆಲ್ಲ ಇವರು 'ಮನಾಯ್', ಅಂದರೆ ಅಕ್ಕ. ಸ್ಕ್ಯಾನರಿಗೆ ಮಾತು ಬಾರದು. ಚಾನೆಲ್ಲಿಂದ ಚಾನೆಲ್ಲಿಗೆ ಹಾರುತ್ತ ಎಲ್ಲ ದೋಣಿಗಳನ್ನೂ ಕೇಳುತ್ತದೆ, ಅಷ್ಟೆ. ಸ್ಪೀಕರ್ ಹಾಕಿದರೆ ಅಲೆಯ ಮೊರೆತ ನುಂಗಿಬಿಡುತ್ತದೆ.

"ನನ್ನ ಗಂಡ ಬದುಕಿದ್ದಾಗ ಶಂಖಕ್ಕೆ ಕಿವಿಯಿಟ್ಟು ಕಡಲು ಕೇಳೋನು. ನಂಗಿದೇ ಶಂಖ," ಎನ್ನುತ್ತಾರೆ ಮನಾಯ್. "ಕೇಳಿದ್ರೇ ಯಾರಂತ ಗೊತ್ತಾಗುತ್ತೆ. ಒಬ್ಬ ಕೆಮ್ತಾನೆ, ಇನ್ನೊಬ್ಬ ನಿದ್ದೆಗಣ್ಣಲ್ಲಿ ಗುಂಡಿ ಒತ್ಕೊಂಡೇ ಹಾಡ್ತಾನೆ. ಹೆಂಡ್ತೀರಿಗೆ ಹೇಳಲ್ಲ ನಾನು."

ಕಳೆದ ಮಳೆಗಾಲ ಆ ದನಿಗಳು ದೂರವಾಗತೊಡಗಿದವು. ಸ್ಕ್ಯಾನರಿನ ದನಿಯ ತಿರುಪನ್ನು ಕೊನೆಯವರೆಗೆ ತಿರುಗಿಸಿದರೂ ಪಿಸುಮಾತು. ಪಕ್ಕದ ಮನೆಯವರ ಮೊಬೈಲಿನ ಇಯರ್‌ಫೋನನ್ನು ಕತ್ತಲಲ್ಲೇ ಹಾಕಿ ನೋಡಿದರೆ ಅದೂ ಅಷ್ಟೇ. "ನನ್ನ ಕಿವೀನ ಯಾರೋ ಮರಳಲ್ಲಿ ಹೂತಿಟ್ಟ ಹಾಗೆ," ಎಂದು ನೆನೆಯುತ್ತಾರೆ. ಗಂಡಸರು ಕಿವಿಯ ಹತ್ತಿರ ಬಂದು ಕೂಗುತ್ತಿದ್ದರು: "ಮನಾಯ್, ಊಟಕ್ಕೆ ಬಾ ಅಂದ್ರೆ ಮಾತ್ರ ಕೇಳ್ಸುತ್ತಲ್ಲ!"

"ಅದು ಹೊಟ್ಟೆ ಕೇಳ್ಸ್ಕೊಳ್ಳೋದು ಕಣ್ರೋ."

ಒಂದು ಬೆಳಗು ಗೋರ್ಯೋನ ಟಿಕ್ ಕೇಳಿಸಲೇ ಇಲ್ಲ. ಲಾಂದ್ರ ಏಳಲಿಲ್ಲ. ದೋಣಿ ದಿಬ್ಬಕ್ಕೆ ತಾಗಿ, ಮಗುಚದಂತೆ ಪಕ್ಕಕ್ಕೆ ಕಟ್ಟಿದ್ದ ಅದರ ಬಿದಿರ ತೋಳು ಮುರಿಯಿತು. ಗೋರ್ಯೋ ಈಜಿ ದಡ ಸೇರಿದ. ಅವನ ಹೆಂಡತಿ ಪಿಲಾಂಗ್ ದಂಡೆಯಲ್ಲೇ ಹೇಳಿದಳು: "ಲಾಂದ್ರ ನಮ್ಮನೆಗೆ ಕೊಟ್ಬಿಡು ಮನಾಯ್. ನಿಂಗೆ ಸತ್ತೋರ ಮಾತು ಕೇಳ್ಸುತ್ತೆ, ಬದುಕಿರೋರ್ದು ಕೇಳ್ಸಲ್ಲ." ಊರು ಒಪ್ಪಿತು. ಲಾಂದ್ರ ಒಪ್ಪಿಸಲು ಹುಣ್ಣಿಮೆಯವರೆಗೆ ಗಡುವು.

ಇಲ್ಲಿ ಉಪ್ಪುಗಾಳಿಗೆ ಹೆದರಿ ಎಲ್ಲವನ್ನೂ ಪ್ಲಾಸ್ಟಿಕ್ಕಿನಲ್ಲಿ ಕಟ್ಟುತ್ತಾರೆ. ಬೆಂಕಿಪೊಟ್ಟಣ, ಜಪಮಾಲೆ, ಮದುವೆಯ ಫೋಟೋ. ಆ ಮಳೆಗಾಲ ಶುರುವಾದಾಗ ಮನಾಯ್ ಸ್ಕ್ಯಾನರಿಗೆ ಎರಡು ಚೀಲ ಸುತ್ತಿ, ಇಯರ್‌ಫೋನಿನ ಪಿನ್ನನ್ನು ಚೀಲ ತೂರಿಸಿಯೇ ಚುಚ್ಚಿದ್ದರು. ಗಡುವು ಹತ್ತಿರ ಬಂದಾಗ, ಹರಿದ ಚೀಲ ಬದಲಿಸಲು ಪಿನ್ನು ಕಿತ್ತರು. ತುದಿಗೆ ಮೀನಿನ ಹುರುಪೆಯಂತೆ ಪ್ಲಾಸ್ಟಿಕ್ ಚೂರು ಅಂಟಿತ್ತು. ತೂತಿನೊಳಗೂ ಅದೇ. ಪಿನ್ನು ಇಷ್ಟು ದಿನ ಅರ್ಧಕ್ಕೇ ನಿಂತಿತ್ತು! ಬಿದಿರ ಸಿಬಿರಿನಿಂದ ಚೂರು ತೆಗೆದು ಒತ್ತಿದರು. ಪಿನ್ನು ಪೂರ್ತಿ ಒಳಗೆ ಕೂತಿತು. ಕಡಲೇ ಕಿವಿಯೊಳಗೆ ನುಗ್ಗಿದಂತಾಗಿ ಇಯರ್‌ಫೋನನ್ನು ಕಿತ್ತೆಸೆದರಂತೆ.

ಮರುದಿನ ಬೆಳಗಿಗೆ ಪಿಲಾಂಗಳನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡು, ಅವಳ ಕಿವಿಗೇ ಇಯರ್‌ಫೋನು ಇಟ್ಟರು. ಗಂಡನ ಕೆಮ್ಮು ಕೇಳಿ ಅವಳ ಕಣ್ಣು ತುಂಬಿತು. ಆಮೇಲೆ ಟಿಕ್, ಟಿಕ್. ಪಿಲಾಂಗ್ ಲಾಂದ್ರಕ್ಕೆ ಕೈ ಚಾಚಿದಳು.

"ಕೈ ತೆಗಿಯೇ. ಅದು ನನ್ನ ಕೆಲಸ."

ಈಗ ಚೀಲಕ್ಕೆ ಕತ್ತರಿಯಿಂದ ದುಂಡಗೆ ಕಿಂಡಿ ಕೊರೆದಿದೆ. ಪಿಲಾಂಗ್ ಬೆಳಗಿನ ಕಾಫಿ ತಂದು ಜೊತೆಗೆ ಕೂರುತ್ತಾಳೆ. ಏನಾದರೂ ಆಸೆ ಇದೆಯೇ ಎಂದರೆ ಮನಾಯ್ ಕೊನೆಯ ದೋಣಿ ದಡ ಮುಟ್ಟುವವರೆಗೆ ಇಯರ್‌ಫೋನಿಗೇ ಕಿವಿಗೊಟ್ಟು ಕೂರುತ್ತಾರೆ. ಆಮೇಲೆ ಸ್ಕ್ಯಾನರಿನ ತಿರುಪನ್ನು ತಿರುಗಿಸಿ ಆರಿಸುತ್ತಾರೆ. ಟಿಕ್.

"ಇದೊಂದು ಟಿಕ್ ನಂದು. ದಿನಾ ಎಲ್ರೂ ಬಂದ್ಮೇಲೆ ಇದೇ ಕೊನೇದಾಗ್ಲಿ."