ಅವ್ವನ ಬೀರು, ಮೇಷ್ಟ್ರ ಗಂಟೆ

"ಬೀರು" ಅಂತ ಅವ್ವನ ಬಾಯಲ್ಲಿ ಬಂದಿದ್ದೇ ತಡ, ಮೇಷ್ಟ್ರು ಟಿಣ್ ಅಂತ ಗಂಟೆ ಹೊಡೆದ್ರು.

ಹೋದ ವಾರ ಯಸಳೂರಲ್ಲಿ ರಾಜ್ಯೋತ್ಸವದ ಪ್ರೋಗ್ರಾಂ. ಹೆಂಗಸರಿಗೆ ಅಚ್ಚಕನ್ನಡದಲ್ಲಿ ಮಾತಾಡೋ ಸ್ಪರ್ಧೆ ಇಟ್ಟಿದ್ರು. ವಿಷಯ, "ನನ್ನ ಮನೆಯ ನೆಚ್ಚಿನ ವಸ್ತು". ಪರಭಾಷೆ ಪದ ಬಂದ್ರೆ ಗಂಟೆ. ಮೂರು ಗಂಟೆ ಬಿದ್ರೆ ಔಟ್.

ಅವ್ವನ ಹೆಸರು ಕೊಟ್ಟಿದ್ದು ನಾನೇ. ಕಾಫಿ ಎಸ್ಟೇಟ್ ಕೆಲಸದಲ್ಲೇ ಆಯಸ್ಸು ಕಳೆದೋಳು, ಸ್ಕೂಲ್ ಮೆಟ್ಟಿಲು ಹತ್ತಿಲ್ಲ. ಆದ್ರೆ ಅವಳು ಕಥೆ ಶುರು ಮಾಡಿದ್ರೆ ಕೂಲಿಯೋರ ಲೈನ್ ಮನೆಯೋರೆಲ್ಲ ನಮ್ಮ ಬಾಗ್ಲಿಗೆ ಬಂದು ನಿಲ್ತಿದ್ರು.

ಅವತ್ತು ಹೇಳ್ತಿದ್ದಿದ್ದು ನಮ್ಮನೆ ಬೀರು ಕಥೆ.

ಒಂದ್ಸಲ ನಮ್ಮ ಲೈನ್ ಮನೆ ಸೋರಿ ಟ್ರಂಕಿನೊಳಗೆ ನೀರು ಹೋಗಿ, ನನ್ನ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಹಾಳಾಗಿತ್ತು. ಒಲೆ ಮುಂದೆ ಅದನ್ನ ಒಣಗಿಸ್ತಾ ಅವ್ವ ಅತ್ತಿದ್ದು ನನಗೆ ಈಗ್ಲೂ ನೆನಪಿದೆ.

ಆಮೇಲೆ ಎಸ್ಟೇಟ್ ಲೆಕ್ಕ ಬರೆಯೋ ರೈಟರ್ ಊರು ಬಿಡುವಾಗ ಅವರ ಹಳೇ ಕಬ್ಬಿಣದ ಬೀರು ಅವ್ವ ತಗೊಂಡ್ಲು. ನಮ್ಮ ಲೈನಿಗೆ ಜೀಪ್ ಬರೋ ದಾರಿ ಇರ್ಲಿಲ್ಲ. ಅಪ್ಪ, ಅವ್ವ, ಪಕ್ಕದ ಮನೆ ಗಂಡ ಹೆಂಡ್ತಿ... ನಾಲ್ಕೂ ಜನ ಗಳಕ್ಕೆ ಕಟ್ಟಿ, ಹೆಗಲ ಮೇಲೆ ಹೊತ್ಕೊಂಡು ಏರಿ ಹತ್ತಿಸಿದ್ರು.

ಮನೆ ಎಸ್ಟೇಟಿಂದು. ಬೀರಿನ ಬೀಗದ ಕೈ ಮಾತ್ರ ಅವ್ವಂದು.

ಇಂಥಾ ಕಥೆಯ ಶುರುವಲ್ಲೇ ಗಂಟೆ.

"ಬೀರು ಇಂಗ್ಲಿಷ್ ಪದ ಕಣಮ್ಮ. ಕಪಾಟು ಅನ್ನಿ," ಅಂದ್ರು ತೀರ್ಪುಗಾರ ಮೇಷ್ಟ್ರು. ಜನ ಗೊಳ್ ಅಂತ ನಕ್ರು.

ಅವ್ವ ತಬ್ಬಿಬ್ಬಾಗಿ ನನ್ನ ಕಡೆ ನೋಡಿದ್ಲು. ನಾನೇನು ಮಾಡ್ದೆ ಗೊತ್ತಾ? "ಕಪಾಟು ಅನ್ನವ್ವ" ಅಂತ ಸನ್ನೆ ಮಾಡ್ದೆ. ಈಗ ನೆನೆಸ್ಕೊಂಡ್ರೆ ನಾಚಿಕೆ ಆಗುತ್ತೆ.

ಅವಳು ಮುಖ ತಿರುಗಿಸಿ ಮೈಕ್ ಹಿಡ್ಕೊಂಡ್ಲು.

"ನಮ್ಮನೇಲಿ ಇರಾದು ಬೀರು ಸಾ. ಕಪಾಟು ನಿಮ್ಮನೇಲಿರ್ಬೋದು."

ಟಿಣ್.

"ಆ ಬೀರು ಹೊತ್ಕಂಡು ಏರಿ ಹತ್ತಾಗ..."

ಟಿಣ್. ಮೂರಾಯ್ತು. "ಸಾಕಮ್ಮ, ಇಳೀರಿ."

ಅವ್ವ ಇಳೀಲಿಲ್ಲ. "ಕಥೆ ಮುಗ್ದಿಲ್ವಲ್ಲ ಸಾ. ಬಹುಮಾನ ನೀವೇ ಮಡಿಕ್ಕಳಿ, ನಂಗೆ ಹೇಳಾಕೆ ಬುಡಿ."

ಮೇಷ್ಟ್ರು ಇನ್ನೆರಡು ಸಲ ಗಂಟೆ ಹೊಡೆದ್ರು. ಮುಂದಿನ ಸಾಲಲ್ಲಿದ್ದ ಒಬ್ಬ ಅಜ್ಜಿ, "ಸುಮ್ನಿರಪ್ಪಾ, ಕೇಳ್ಬೇಕು" ಅಂತ ಗದರಿದ ಮೇಲೆ ಗಂಟೆ ಕೆಳಗಿಟ್ರು.

ಅವ್ವ ಕೊನೇವರೆಗೂ ಹೇಳಿದ್ಲು. ಮಾರ್ಕ್ಸ್ ಕಾರ್ಡು ಇವತ್ತಿಗೂ ಆ ಬೀರಲ್ಲೇ ಐತೆ ಅಂದಾಗ ಯಾರೂ ನಗ್ಲಿಲ್ಲ.

ಬಹುಮಾನ ಒರಳುಕಲ್ಲಿನ ಬಗ್ಗೆ ಮಾತಾಡಿದೋರಿಗೆ ಹೋಯ್ತು. ಹೋಗ್ಲಿ.

ವಾಪಸ್ ಬಸ್ಸಲ್ಲಿ ಕೂತು, ಸಿಟ್ಟಿಗೆ ಮೊಬೈಲಲ್ಲಿ ಹುಡುಕಿದೆ. ಮೇಷ್ಟ್ರು ಹೇಳಿದ್ದು ಸುಳ್ಳಲ್ಲ, ಬೀರು ಬಂದಿದ್ದು ಬ್ಯೂರೋ ಅನ್ನೋ ಪದದಿಂದ. ಆದ್ರೆ ಅವರ ಕಪಾಟೂ ಅಚ್ಚಕನ್ನಡ ಅಲ್ಲ ಕಣ್ರೀ! ಸಂಸ್ಕೃತದಲ್ಲಿ ಕಪಾಟ ಅಂದ್ರೆ ಬಾಗಿಲು.

ಇನ್ನೂ ಹಿಂದಕ್ಕೆ ಹೋದೆ. ಬ್ಯೂರೋ ಅಂದ್ರೆ ಮೊದಲು ಫ್ರೆಂಚರ ನಾಡಲ್ಲಿ ಉಣ್ಣೆಯ ಒರಟು ಬಟ್ಟೆಯಂತೆ. ಅದನ್ನ ಬರೆಯೋ ಮೇಜಿನ ಮೇಲೆ ಹಾಸ್ತಿದ್ರಂತೆ. ಬಟ್ಟೆ ಹೆಸರು ಮೇಜಿಗೆ ಬಂತು, ಮೇಜಿಂದ ಖಾನೆ ಇರೋ ಪೆಟ್ಟಿಗೆಗೆ ಬಂತು, ಕೊನೆಗೆ ನಮ್ಮೂರಿಗೆ ಬಂದು ಬೀರು ಆಯ್ತು.

ಅವ್ವಂಗೆ ಹೇಳ್ದೆ. "ಉಣ್ಣೆ ಬಟ್ಟೆ ಅಂದ್ರೆ... ಕಂಬ್ಳಿ ಥರವಾ?"

"ಹೂಂ, ಹೆಚ್ಚುಕಮ್ಮಿ ಕಂಬಳೀನೇ."

ಮಳೇಲಿ ಕಂಬಳಿ ಗೊಪ್ಪೆ ಹಾಕ್ಕೊಂಡೇ ತೋಟ ಸುತ್ತಿದೋಳು ಅವಳು. ಜೋರಾಗಿ ನಕ್ಕುಬುಟ್ಲು.

"ಹಂಗಾರೆ ನಮ್ಮಂಥೋರ ಮಾತೇ ಕಣೇ ಅದು! ಬರೋ ವರ್ಷಾನೂ ನನ್ನ ಹೆಸ್ರು ಕೊಡು. ಲಾಟೀನಿನ ಕಥೆ ಹೇಳ್ತೀನಿ. ಎಷ್ಟು ಗಂಟೆ ಹೊಡೀತಾರೋ ಹೊಡೀಲಿ."

ನೀವೇ ಹೇಳಿ, ನಮ್ಮವ್ವ ಆಡಿದ್ದು ಕನ್ನಡ ಅಲ್ದೆ ಇನ್ನೇನು?