ಸಾರ್ ಬಾಯಿ ತೆರೆದ ದಿನ

ಮೊನ್ನೆ ಕ್ಲಿನಿಕ್ಕಿನ ಬೀರು ಒರೆಸುವಾಗ ಹಿಂದಿನ ಮೂಲೆಯಿಂದ ಗುಲಾಬಿ ಬಣ್ಣದ ಪುಡಿಯ ಹಳೆಯ ಡಬ್ಬಿಯೊಂದು ಉರುಳಿ ಬಂತು. ಮುಚ್ಚಳ ತೆಗೆದರೆ ಅದೇ ಪುದೀನ ಬೆರೆತ ಸುಣ್ಣದಂಥ ವಾಸನೆ. ಹಲ್ಲು ಕಟ್ಟಿಸಿಕೊಂಡವರಾದರೆ ನಿಮಗೂ ಗೊತ್ತಿರುತ್ತದೆ. ಈ ಪುಡಿಯನ್ನು ನೀರಲ್ಲಿ ಕಲಸಿ, ಪುಟ್ಟ ತಟ್ಟೆಗೆ ತುಂಬಿ, ಬಾಯಿಗೆ ಒತ್ತಿ, “ಅಲ್ಲಾಡಬೇಡಿ” ಎಂದು ಹಿಡಿದು ನಿಲ್ಲುತ್ತಿದ್ದೆವು. ಅದು ಗಟ್ಟಿಯಾಗುವವರೆಗೆ ಪೇಷೆಂಟು ಮೂಗಿನಲ್ಲಿ ಉಸಿರಾಡುತ್ತಾ ಕಣ್ಣಿನಲ್ಲೇ ನಮ್ಮ ವಂಶವನ್ನೆಲ್ಲ ಶಪಿಸುತ್ತಿದ್ದರು. ಹಲ್ಲಿನ ಅಚ್ಚು ಸಿಗುತ್ತಿದ್ದದ್ದು ಹಾಗೆ. ಕೆಲವೊಮ್ಮೆ ಅಚ್ಚಿನ ಜೊತೆ ಬೆಳಗಿನ ತಿಂಡಿಯೂ ಹೊರಗೆ ಬರುತ್ತಿತ್ತು.

ಇಷ್ಟು ಹಿಂದುಳಿದಿದ್ದ ನಮ್ಮನ್ನು ಉದ್ಧಾರ ಮಾಡಲೆಂದೇ ಬೆಂಗಳೂರಿನಿಂದ ಒಬ್ಬ ತರಬೇತುದಾರರು ಬಂದಿದ್ದರು. ಡಬ್ಬಿ ನೋಡಿದ ಕೂಡಲೇ ಅವರು ನೆನಪಾದರು. ಮಹಾನುಭಾವರನ್ನು ಮರೆಯುವುದುಂಟೇ?

ನಮ್ಮ ಕ್ಲಿನಿಕ್ಕು ರಾಬರ್ಟ್‌ಸನ್‌ಪೇಟೆಯಲ್ಲಿ, ಒಂದು ಬಟ್ಟೆ ಅಂಗಡಿಯ ಮಹಡಿಯ ಮೇಲಿದೆ. ಬೆಳಗ್ಗೆ ಹಸು ಕರೆದು, ಡೈರಿಗೆ ಹಾಲು ಹಾಕಿ, ಬಂಗಾರಪೇಟೆಯಿಂದ ಬಸ್ಸು ಹಿಡಿದು ಬಂದು ಬಾಗಿಲು ತೆಗೆಯುವವಳು ನಾನು. ಹೆಸರು ಬರೆದುಕೊಳ್ಳುವುದು, ಕೂರಿಸುವುದು, ಅಳುವ ಮಕ್ಕಳಿಗೆ ಸುಳ್ಳು ಹೇಳುವುದು ನನ್ನ ಕೆಲಸ. ಒಳಗೆ ಡಾಕ್ಟರ ಪಕ್ಕ ನಿಲ್ಲುವವರು ಸೆಲ್ವಿ ಅಕ್ಕ. ಕೋರಮಂಡಲ್‌ನವರು, ಅವರ ಅಪ್ಪ ಅಲ್ಲಿನ ಚಿನ್ನದ ಗಣಿಯೊಳಗೆ ಇಳಿಯುತ್ತಿದ್ದವರು. ಮೂರನೆಯವರು ನಮ್ಮ ಡಾಕ್ಟರು, ಅಂದರೆ ಸಾರ್. ನಾವು ಮೂವರೂ ಒಂದು ‘ಟೀಮ್’ ಎಂಬುದು ತರಬೇತುದಾರರು ಬರುವವರೆಗೂ ನಮಗೆ ತಿಳಿದಿರಲಿಲ್ಲ. ಬರೀ ಮೂರು ಜನ ಅಂದುಕೊಂಡಿದ್ದೆವು.

ಸಾರ್ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ. ಹೊಗೆಸೊಪ್ಪು, ಗುಟ್ಕಾ ಅಗಿಯುವವರನ್ನು ಕಂಡರೆ ಅವರಿಗೆ ಮೈಯೆಲ್ಲ ಉರಿಯುತ್ತಿತ್ತು. “ಇದೇನು ಬಾಯೋ, ಬಚ್ಚಲೋ?” ಎಂದು ಅವರು ಗದರುವುದು ಕೆಳಗಿನ ಬಟ್ಟೆ ಅಂಗಡಿಗೂ ಕೇಳಿಸುತ್ತಿತ್ತು. ಗದರಿ ಸುಸ್ತಾದ ಮೇಲೆ ಒಳಕೋಣೆಗೆ ಹೋಗಿ, ಗೋಡೆ ಕಡೆ ತಿರುಗಿ, ಜೇಬಿನಿಂದ ಅಡಿಕೆಪುಡಿಯ ಪೊಟ್ಟಣ ತೆಗೆದು ದವಡೆಗೆ ಸುರಿದುಕೊಳ್ಳುತ್ತಿದ್ದರು. “ಬರೀ ಅಡಿಕೆ ಕಣಮ್ಮ, ಜೀರ್ಣಕ್ಕೆ” ಎನ್ನುತ್ತಿದ್ದರು. ಊಟಕ್ಕೆ ಮೊದಲೂ ಅವರಿಗೆ ಜೀರ್ಣವಾಗುತ್ತಿತ್ತು. ನಾವು ನೋಡಿಯೂ ನೋಡದವರಂತಿದ್ದೆವು. ಸಂಬಳ ಕೊಡುವವರ ಬಾಯೊಳಗೆ ಇಣುಕುವುದು ಸಭ್ಯತೆಯಲ್ಲ ನೋಡಿ.

ಒಂದು ಭಾನುವಾರ ತರಬೇತಿ. ಜೊತೆಗೆ ಹೊಸ ಮೆಷಿನ್ನು. ಹಲ್ಲುಜ್ಜುವ ಬ್ರಷ್ಷಿಗಿಂತ ತುಸು ದಪ್ಪ ಕೋಲು, ತುದಿಯಲ್ಲಿ ಕ್ಯಾಮೆರಾ. ಬಾಯೊಳಗೆ ಆಡಿಸಿದರೆ ಸಾಕು, ಹಲ್ಲುಗಳೆಲ್ಲ ಪರದೆಯ ಮೇಲೆ ಮೂಡುತ್ತವೆ. ಪುಡಿ ಇಲ್ಲ, ವಾಂತಿ ಇಲ್ಲ. ನಿಜ ಹೇಳಬೇಕೆಂದರೆ ಒಂದು ಗಂಟೆಯಲ್ಲಿ ಕಲಿಯಬಹುದಾದ ಕೆಲಸ. ಆದರೆ ಮೆಷಿನ್ನು ಮುಟ್ಟುವ ಮೊದಲು ನಮ್ಮ ಮನಸ್ಸು ಬದಲಾಗಬೇಕಂತೆ. ಅದಕ್ಕೆ ಬೆಳಗಿನ ಹೊತ್ತೆಲ್ಲ ಬೇಕಾಯಿತು.

ಮೊದಲು ಸುತ್ತ ನಿಂತು ಚಪ್ಪಾಳೆ ಹೊಡೆದೆವು. ಆಮೇಲೆ ಕಣ್ಣು ಮುಚ್ಚಿ ನಾವು ಚಿಟ್ಟೆಗಳಾದೆವು. ಸೆಲ್ವಿ ಅಕ್ಕನಿಗೆ ಮಂಡಿನೋವು, ಆದ್ದರಿಂದ ಅವರು ಕೂತಲ್ಲೇ ಚಿಟ್ಟೆಯಾದರು. ನಂತರ ಭಾಷೆ ಕಲಿತೆವು. ಪೇಷೆಂಟ್ ಅನ್ನಬಾರದು, ‘ಅತಿಥಿ’ ಅನ್ನಬೇಕು. ಹಲ್ಲು ಕೀಳುತ್ತೇವೆ ಅನ್ನಬಾರದು, ‘ಹಲ್ಲಿಗೆ ವಿದಾಯ ಹೇಳೋಣ’ ಅನ್ನಬೇಕು.

“ವಿದಾಯ ಅಂದ್ರೆ ಆರ ತುರಾಯಿ ಎಲ್ಲಾ ತರ್ಬೇಕಾ ತಂಬಿ?” ಸೆಲ್ವಿ ಅಕ್ಕ ತಮ್ಮ ತಮಿಳು ಬೆರೆತ ಕನ್ನಡದಲ್ಲಿ ಕೇಳಿದರು.

ತರಬೇತುದಾರರು ನಗಲಿಲ್ಲ. “ಮೇಡಂ, ನೀವು ಬದಲಾವಣೆಗೆ ಹೆದರ್ತಿದೀರ” ಎಂದರು.

“ಮೈನ್ಸ್ ಮುಚ್ಚಿದಾಗ ಬದಲಾವಣೆ ನೋಡಿದೀವಿ ತಂಬಿ. ಆವಾಗ್ಲೂ ಒಬ್ರು ಇಂಗೇ ಚೆನ್ನಾಗಿ ಬಟ್ಟೆ ಆಕ್ಕೊಂಡ್ ಬಂದು ಮಾತಾಡಿದ್ರು.”

ತರಬೇತುದಾರರು ಲ್ಯಾಪ್‌ಟಾಪಿನಲ್ಲಿ ಅದಕ್ಕೊಂದು ಸ್ಲೈಡ್ ಹುಡುಕಿದರು. ಊಟಕ್ಕೆ ಬಿಟ್ಟರು.

ಮಧ್ಯಾಹ್ನ ಅಭ್ಯಾಸ ಮಾಡಲು ಒಂದು ಬಾಯಿ ಬೇಕಿತ್ತು. ನಾನು ಹಿಂದಕ್ಕೆ ಸರಿದೆ. ಸೆಲ್ವಿ ಅಕ್ಕ ತಮ್ಮದು ಅರ್ಧ ಕಟ್ಟಿಸಿದ ಹಲ್ಲೆಂದು ತಪ್ಪಿಸಿಕೊಂಡರು. “ಹಾಗಾದ್ರೆ ಲೀಡರ್!” ಎಂದು ತರಬೇತುದಾರರು ಸಾರ್ ಕಡೆ ಕೈ ತೋರಿಸಿದರು. ಸಾರ್ ಬಹಳ ಹೊತ್ತು ಬಾಯಿ ಮುಕ್ಕಳಿಸಿ ಬಂದು ಕುರ್ಚಿಯಲ್ಲಿ ಒರಗಿದರು. ಇಷ್ಟು ವರ್ಷದಲ್ಲಿ ಅವರನ್ನು ಆ ಕುರ್ಚಿಯಲ್ಲಿ ನಾವು ನೋಡಿದ್ದು ಅದೇ ಮೊದಲು.

ಕೋಲು ಹಿಡಿದವರು ಸೆಲ್ವಿ ಅಕ್ಕ. ಒಳಗಿನ ಪರದೆಯಲ್ಲೂ, ಅದಕ್ಕೆ ಜೋಡಿಸಿದ್ದ ಹೊರಗೆ ಕಾಯುವವರ ಟೀವಿಯಲ್ಲೂ ಸಾರ್ ಹಲ್ಲುಗಳು ಒಂದೊಂದಾಗಿ ಮೂಡಿದವು. ಕಂದು ಬಣ್ಣ, ಕರೆ ಬೇರೆ. ನನಗೆ ಆದ ಸಂತೋಷವನ್ನು ಏನೆಂದು ಹೇಳಲಿ! ಕೋಲು ಹಿಂದಿನ ದವಡೆಗೆ ಹೋಯಿತು. ಕೆನ್ನೆ ಸರಿಸಿದರೆ ಒಳಗೆ ಒಂದು ಬಿಳಿ ಮಚ್ಚೆ, ಅಂಚಿನಲ್ಲಿ ಕೆಂಪು.

“ನೋಡಿ, ಬಣ್ಣ ಎಷ್ಟು ಸ್ಪಷ್ಟ! ಅದ್ಭುತ ಅಲ್ವಾ?” ಎಂದರು ತರಬೇತುದಾರರು.

ಸಾರ್ ಕೈ ಎತ್ತಿದರು. ಎದ್ದು ಕೂತು, ಪರದೆಯನ್ನೇ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು: “ಬೇರೆಯವರ ಬಾಯಲ್ಲಿ ಇದನ್ನ ಕಂಡ್ರೆ ನಾನು ಏನ್ ಮಾಡ್ತಿದ್ದೆ?”

“ಅವತ್ತೇ ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಕಳಿಸ್ತಿದ್ರಿ ಸಾರ್.”

“ಹೂಂ” ಎಂದರು. ತರಬೇತುದಾರರು ನಮಗೆಲ್ಲ ಸರ್ಟಿಫಿಕೇಟು ಹಂಚಿ, ಗ್ರೂಪ್ ಫೋಟೋ ತೆಗೆಸಿ, ಕಾರು ಹತ್ತಿದರು. ಫೋಟೋದಲ್ಲಿ ಸಾರ್ ಬಾಯಿ ಬಿಗಿದುಕೊಂಡಿದ್ದಾರೆ.

ಬೆಂಗಳೂರಿಗೆ ಅವತ್ತು ಹೋಗಲಿಲ್ಲ, ಮಾರನೆಯ ದಿನವೂ ಹೋಗಲಿಲ್ಲ. ಊರಿಗೆಲ್ಲ ಬುದ್ಧಿ ಹೇಳುವ ಸಾರ್‌ಗೆ ತುಂಬ ಕೆಲಸವಿತ್ತು. ನೆಂಟರ ಗೃಹಪ್ರವೇಶ, ಕಾರಿನ ಸರ್ವಿಸ್, ಮಳೆ ಬರುವಂಥ ಮೋಡ. ಒಳಕೋಣೆಯ ಜೀರ್ಣಕ್ರಿಯೆಯೂ ಯಥಾಪ್ರಕಾರ ನಡೆಯಿತು.

ಆಗ ಸೆಲ್ವಿ ಅಕ್ಕ ತರಬೇತಿಯಲ್ಲಿ ಕಲಿತ ವಿದ್ಯೆಯನ್ನು ಕೆಲಸಕ್ಕೆ ಹಚ್ಚಿದರು. ಬೆಳಗ್ಗೆ ಸಾರ್ ಒಳಗೆ ಕಾಲಿಡುವಷ್ಟರಲ್ಲಿ ಪರದೆಯ ಮೇಲೆ ಅವರದೇ ಕೆನ್ನೆ, ಅದೇ ಮಚ್ಚೆ. ಸಾರ್ ಆರಿಸುವರು. ಕೈ ತೊಳೆದು ಬರುವಷ್ಟರಲ್ಲಿ ಮತ್ತೆ ಹಾಜರು. ಕೊನೆಗೊಂದು ದಿನ ಸಾರ್ ರೇಗಿದರು: “ಏನಮ್ಮ ನಿಂದು ತಮಾಷೆ? ಬರೀ ಅಡಿಕೆ ಗಾಯ ಅದು. ತಾನೇ ಹೋಗತ್ತೆ.”

“ನಮ್ಮಪ್ಪನೂ ಬರೀ ದೂಳು ಅಂದ್ರು ಸಾರ್” ಎಂದರು ಸೆಲ್ವಿ ಅಕ್ಕ, ದನಿ ಎತ್ತದೆ. “ತಾನೇ ಓಗ್ತದೆ, ಓಗ್ತದೆ ಅಂತಾನೇ ಕೆಮ್ಕೊಂಡಿದ್ರು. ಕೊನೇಗೆ ಅವ್ರೇ ಓದ್ರು. ಆವಾಗ ನಾನು ಸಣ್ಣೋಳು, ಅವ್ರನ್ನ ಎಳ್ಕೊಂಡ್ ಓಗಕ್ಕೆ ಆಗ್ಲಿಲ್ಲ.”

ಸಾರ್ ಏಪ್ರನ್ ಬಿಚ್ಚಿ ಮೊಳೆಗೆ ಹಾಕಿದರು. ಆ ಮಧ್ಯಾಹ್ನದ ರೈಲಿಗೆ ಹೋದರು. ಸೆಲ್ವಿ ಅಕ್ಕ ಸ್ಟೇಷನ್‌ವರೆಗೂ ಹಿಂದೆಯೇ ಹೋಗಿ, ರೈಲು ಹೊರಟ ಮೇಲೆ ನನಗೆ ಫೋನ್ ಮಾಡಿದರು.

ಅಲ್ಲಿ ಮಚ್ಚೆಯಿಂದ ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಿದರಂತೆ. ಫಲಿತಾಂಶ ಬರುವವರೆಗೆ ನಾವಿಬ್ಬರೂ ಸುಮ್ಮನೆ ಕ್ಲಿನಿಕ್ಕು ತೆಗೆದು ಕೂತಿದ್ದೆವು. ಸಾರ್ ಎಲ್ಲಿ ಎಂದು ಕೇಳಿದವರಿಗೆಲ್ಲ “ಟ್ರೈನಿಂಗ್‌ಗೆ ಹೋಗಿದಾರೆ” ಎನ್ನುತ್ತಿದ್ದೆ. ನಾನು ಮೆಷಿನ್ನಿನ ಮೇಲೆ ಸಿಟ್ಟು ಮಾಡಿಕೊಂಡು ಅದನ್ನು ಒರೆಸುವುದನ್ನೇ ಬಿಟ್ಟೆ. ಸೆಲ್ವಿ ಅಕ್ಕ ಅದಕ್ಕೆ ಕುಂಕುಮ ಇಟ್ಟರು.

ಕ್ಯಾನ್ಸರ್ ಆಗಿರಲಿಲ್ಲ. ಆಗುವ ದಾರಿ ಹಿಡಿದಿತ್ತು. ಅಷ್ಟು ಭಾಗ ಕತ್ತರಿಸಿ ತೆಗೆದರು. ಹೊಲಿಗೆಯ ಬಾಯಿ ಹೊತ್ತು ಸಾರ್ ವಾಪಸ್ ಬಂದಾಗ ಮಾತೇ ಹೊರಡುತ್ತಿರಲಿಲ್ಲ, ಗದರುವುದು ದೂರವೇ ಉಳಿಯಿತು. ಕೆಳಗಿನ ಬಟ್ಟೆ ಅಂಗಡಿಯವರು ಗಾಬರಿಯಾಗಿ, ಕ್ಲಿನಿಕ್ಕು ಮುಚ್ಚಿದಿರಾ ಎಂದು ಬಂದು ಕೇಳಿದರು.

ಇಷ್ಟೆಲ್ಲ ನೆನೆಸಿಕೊಂಡು ಡಬ್ಬಿಯನ್ನು ಕಸಕ್ಕೆ ಹಾಕಿ ಬಂದೆ. ಅಷ್ಟರಲ್ಲಿ ಕಾಮಸಮುದ್ರದ ಕಡೆಯ ಕೂಲಿಯವರೊಬ್ಬರು ಕೆನ್ನೆ ಊದಿಸಿಕೊಂಡು ಬಂದರು. ನಾನು ಹೆಸರು ಬರೆದು ಒಳಗೆ ಕರೆದುಕೊಂಡು ಹೋದೆ. ಬಾಯಿ ತುಂಬ ಹೊಗೆಸೊಪ್ಪಿನ ವಾಸನೆ.

“ಬೈಬೇಡಿ ಸಾರ್. ಬಿಡಕ್ಕಾಗಲ್ಲ ನಂಗೆ” ಎಂದರು, ಕೂರುವ ಮೊದಲೇ.

ಸಾರ್ ಬೈಯಲಿಲ್ಲ. ತಮ್ಮ ಮಾಸ್ಕ್ ಕೆಳಗೆಳೆದು, ಕೆನ್ನೆಯನ್ನು ಬೆರಳಿನಿಂದ ಅಗಲಿಸಿ, ಅವರ ಮುಂದೆ ಬಗ್ಗಿದರು. ಕೂಲಿಯವರು ಒಳಗಿನ ಹೊಲಿಗೆಯ ಗುರುತನ್ನು ಬಹಳ ಹೊತ್ತು ಇಣುಕಿ ನೋಡಿದರು.

“ನೀವು ಬಿಟ್ರಾ ಸಾರ್?”

“ಇವತ್ತು ಬಿಟ್ಟಿದೀನಿ” ಎಂದರು ಸಾರ್. “ನಾಳೇದು ನಾಳೆ ಬಿಡ್ಬೇಕು.”

ಕೂಲಿಯವರು ಮೆಲ್ಲಗೆ ಕುರ್ಚಿಗೆ ಒರಗಿ ಬಾಯಿ ತೆರೆದರು. ಸೆಲ್ವಿ ಅಕ್ಕ ಕೋಲು ಕೈಗೆತ್ತಿಕೊಂಡರು. ನಾನು ಹೊರಗೆ ಬಂದು, ಅವರ ಬಾಯಿ ಅಲ್ಲಿ ಮೂಡುವ ಮೊದಲೇ ಕಾಯುತ್ತಾ ಕೂತವರ ಮುಂದಿದ್ದ ಟೀವಿಯನ್ನು ಆರಿಸಿದೆ.