ಷಡ್ಡಕನ ಕಾರಿಗಿಂತ ಒಂದು ಬೆರಳು ಕೆಳಗೆ

ಒಟ್ಟು ಖರ್ಚು ಸಾವಿರದ ಎಂಟುನೂರು ರೂಪಾಯಿ. ಶಿರಾದ ಗ್ಯಾರೇಜಿನವನು ಎರಡೂವರೆ ಸಾವಿರ ಅಂದಿದ್ದ. ನಾನು ಎದ್ದು ಬಾಗಿಲ ತನಕ ಹೋಗಿ ನಿಂತೆ, ಅವನು ಇಳಿದ. ಅಷ್ಟಕ್ಕೆ ನನ್ನ ಕಾರಿನ ಮುಂದಿನ ಎರಡು ಚಕ್ರಗಳ ಸ್ಪ್ರಿಂಗ್ ಬಿಚ್ಚಿ, ತಲಾ ಒಂದು ಸುತ್ತು ಕತ್ತರಿಸಿ, ಮತ್ತೆ ಕೂರಿಸಿ ಕೊಟ್ಟ. ಕಾರು ನೆಲಕ್ಕೆ ತಗ್ಗಬೇಕಿತ್ತು. ಯಾಕೆ ತಗ್ಗಬೇಕಿತ್ತು ಅಂದರೆ, ನನ್ನ ಷಡ್ಡಕನ ಕಾರು ತಗ್ಗಿತ್ತು. ಬೇರೆ ಕಾರಣ ಹುಡುಕಬೇಡಿ.

ಷಡ್ಡಕ, ಅಂದರೆ ನನ್ನ ಹೆಂಡತಿಯ ತಂಗಿಯ ಗಂಡ, ಪಾವಗಡದ ಆಚೆ ರಾಯಚರ್ಲಿನವನು. ಅವನ ಜಮೀನಿನ ತುಂಬ ಈಗ ಸೋಲಾರ್ ಹಲಗೆಗಳು. ಗುತ್ತಿಗೆ ಹಣ ವರ್ಷಕ್ಕೊಂದು ಸಲ ತಾನಾಗಿ ಬ್ಯಾಂಕಿಗೆ ಬಂದು ಬೀಳುತ್ತದೆ. ನಾನು ಬಿಸಿಲಲ್ಲಿ ತಿರುಗಿ ಸಂಪಾದಿಸಿದರೆ ಅವನಿಗೆ ಬಿಸಿಲೇ ಸಂಪಾದಿಸಿ ಕೊಡುತ್ತದೆ. ನಾನು ಹಿಟ್ಟಿನ ಗಿರಣಿಗಳಿಗೆ ಬೆಲ್ಟು, ಬೇರಿಂಗು, ಬೀಸುವ ಕಲ್ಲು ಮಾರುವವನು. ಸೈಕಲ್ ಹ್ಯಾಂಡಲಿಗೆ ಬೆಲ್ಟು ನೇತುಹಾಕಿಕೊಂಡು ಕೊರಟಗೆರೆಯ ಸುತ್ತಲ ಹಳ್ಳಿಗಳಲ್ಲಿ ಶುರು ಮಾಡಿದೆ. ಆಮೇಲೆ ಲಗೇಜ್ ಆಟೊ ಬಂತು. ಈಗ ಮಧುಗಿರಿಯಲ್ಲಿ ಅಂಗಡಿಯಿದೆ, ಮೂರನೆಯವರ ಕೈ ದಾಟಿ ಬಂದ ಒಂದು ಕಾರಿದೆ. ಅದರಲ್ಲೇ ದಿನಾ ಶಿರಾ, ಪಾವಗಡ, ಕೊರಟಗೆರೆ ಅಂತ ಸುತ್ತುತ್ತೇನೆ. ನನ್ನ ದುಡಿಮೆಯ ಕಾರು ಅಂತ ನನಗೆ ಹೆಮ್ಮೆ ಇತ್ತು. ಷಡ್ಡಕ ತನ್ನ ಕಾರನ್ನು ತಗ್ಗಿಸಿಕೊಂಡು ಬರುವ ತನಕ ಇತ್ತು.

ಊರ ಹಬ್ಬಕ್ಕೆ ಅವನು ಅದನ್ನು ಐ.ಡಿ.ಹಳ್ಳಿ ಹತ್ತಿರದ ಅತ್ತೆ ಮನೆ ಮುಂದೆ ತಂದು ನಿಲ್ಲಿಸಿದ. ಬಣ್ಣ ಅದೇ, ಮಾಡೆಲ್ಲೂ ಹೆಚ್ಚುಕಡಿಮೆ ನನ್ನದೇ. ಆದರೆ ಟೈರಿನ ಮೇಲೆ ಬಾಡಿ ಬಂದು ಕೂತಿದ್ದ ರೀತಿಯೇ ಬೇರೆ. ಪಕ್ಕದಲ್ಲಿ ನನ್ನದು ಪಂಚೆ ಎತ್ತಿ ಕಟ್ಟಿಕೊಂಡು ಹಳ್ಳ ದಾಟುವವನ ಹಾಗೆ ಕಾಣುತ್ತಿತ್ತು. ಅತ್ತೆ ಬಾಗಿಲಲ್ಲೇ ನಿಂತು, "ನೋಡಮ್ಮ, ಚಿರ್ತೆ ಹೊಂಚಾಕ್ಕೊಂಡು ಕುಂತಂಗೈತೆ," ಅಂದರು. ನನ್ನ ಕಾರಿನ ಬಗ್ಗೆ ಆಕೆ ಅದುವರೆಗೆ ಆಡಿದ್ದ ಒಂದೇ ಮಾತು, ಹತ್ತುವಾಗ ಮಂಡಿ ನೋಯುತ್ತದೆ ಅನ್ನುವುದು.

ಎಲ್ಲರೂ ಊಟಕ್ಕೆ ಕೂತಾಗ ನಾನು ಕೈ ತೊಳೆಯುವ ನೆಪದಲ್ಲಿ ಹೊರಗೆ ಬಂದು, ಅವನ ಕಾರಿನ ಟೈರಿಗೂ ಬಾಡಿಗೂ ನಡುವೆ ಬೆರಳು ತೂರಿಸಿ ನೋಡಿದೆ. ಎರಡು ಬೆರಳು ಹಿಡಿಯಿತು. ನನ್ನದರಲ್ಲಿ ನಾಲ್ಕೂ ಸಲೀಸಾಗಿ ಹೋದವು. ಅಷ್ಟರಲ್ಲಿ ಅವನೇ ಉಂಡ ಎಲೆ ಎತ್ತಿಕೊಂಡು ಹೊರಗೆ ಬಂದ.

"ಏಂದಣ್ಣಾ, ಟೈರ್ ಮುಟ್ ನೋಡ್ತಿದ್ದೀಯ?"

"ಗಾಳಿ ಕಮ್ಮಿ ಐತೇನೋ ಅಂತ ಕಣಪ್ಪ."

"ಪರವಾಲೇದಣ್ಣಾ, ನಿನ್ನೇನೆ ಹಾಕಿಸ್ದೆ," ಅಂತ ಪಾವಗಡದ ತೆಲುಗು ಬೆರೆಸಿ ಅಂದು ನಕ್ಕ. ತುಮಕೂರಿನಲ್ಲಿ ಮಾಡಿಸಿದನೆಂದೂ ಇಪ್ಪತ್ತು ಸಾವಿರದ ಮೇಲಾಯಿತೆಂದೂ ನನ್ನ ಹೆಂಡತಿಗೆ ಅವಳ ತಂಗಿ ಹೇಳಿದಳು. ಆ ರಾತ್ರಿ ಹೆಂಡತಿ ಅದನ್ನು ನನಗೆ ಹೇಳಿದ ದನಿ ನನಗೆ ಹಿಡಿಸಲಿಲ್ಲ.

ಅಷ್ಟೇ ಆಗಿದ್ದರೆ ಸುಮ್ಮನಿರುತ್ತಿದ್ದೆನೇನೋ. ಹಬ್ಬ ಕಳೆದು ಸ್ವಲ್ಪ ದಿನಕ್ಕೆ ಕಡೆಯ ನಾದಿನಿಯ ಮದುವೆ ಗೊತ್ತಾಯಿತು. ಛತ್ರ ಮಧುಗಿರಿಯಲ್ಲಿ. ಹೆಣ್ಣನ್ನು ಮನೆಯಿಂದ ಹೂವಿನ ಕಾರಿನಲ್ಲಿ ಕೂರಿಸಿಕೊಂಡು ಛತ್ರಕ್ಕೆ ಹೊರಡಿಸಬೇಕು. ಅತ್ತೆ ಮನೆಯಲ್ಲಿ ಅದು ಹಿರಿಯಳಿಯನ ಹಕ್ಕು. ಮೊದಲ ನಾದಿನಿಯ, ಅಂದರೆ ಷಡ್ಡಕನ ಹೆಂಡತಿಯ, ಮದುವೆಯಲ್ಲಿ ನನ್ನ ಹತ್ತಿರ ಇದ್ದದ್ದು ಲಗೇಜ್ ಆಟೊ ಆದ್ದರಿಂದ ಬಾಡಿಗೆ ಕಾರು ತರಿಸಿದ್ದರು. ನಾನು ಅದರ ಹಿಂದೆ ಆಟೊದಲ್ಲಿ ಬಾಳೆಎಲೆ ಹೇರಿಕೊಂಡು ಹೋಗಿದ್ದೆ. ಈ ಸಲ ಸ್ಟೇರಿಂಗ್ ನನ್ನ ಕೈಯಲ್ಲೇ ಇರಬೇಕು ಅಂತ ಬಹಳ ಆಸೆಯಿತ್ತು. ಅತ್ತೆ ಮಾತ್ರ, "ಕಿರಿಯಳಿಯಂದ್ರ ಕಾರೇ ಇರ್ಲಿ ಬುಡಿ, ಫೋಟೊಗೆ ಲಕ್ಷಣವಾಗಿರ್ತೈತೆ," ಅಂದುಬಿಟ್ಟರು.

ಮಾರನೆಯ ದಿನವೇ ನಾನು ಶಿರಾ ಗ್ಯಾರೇಜಿನಲ್ಲಿದ್ದೆ. ಅವನ ಕಾರಿಗಿಂತ ಒಂದು ಬೆರಳಾದರೂ ಕೆಳಗೆ ಹೋಗಬೇಕು, ಅವನು ಕೊಟ್ಟದ್ದರ ಹತ್ತನೇ ಒಂದು ಭಾಗದಲ್ಲಿ ಮುಗಿಯಬೇಕು. ಇದು ನನ್ನ ಪಟ್ಟು.

"ಕತ್ತರ್ಸೋದು ಆಸಾನ್ ಸಾವ್ಕಾರ್, ವಾಪಸ್ ಅಂಟ್ಸಕ್ಕಾಗಲ್ಲ," ಅಂದ ಗ್ಯಾರೇಜಿನವನು.

"ಅಂಟ್ಸು ಅಂದೋರ್ಯಾರು? ಕತ್ತರ್ಸು."

"ಹಿಂದಿಂದೂ ಮಾಡ್ಬುಡ್ಲಾ? ಇನ್ನೊಂದ್ ಸಾವ್ರ."

ನಾನು ಬೇಡ ಅಂದೆ. ಅವನಿಗೂ ಕೆಲಸ ಬೇಗ ಮುಗಿದರೆ ಸಾಕಾಗಿತ್ತು. ಸಂಜೆಗೆ ಕಾರು ತಗ್ಗಿತು, ಮುಂದೆ ಮಾತ್ರ. ಎರಡು ದಿನದ ಮೇಲೆ ಬುಕ್ಕಾಪಟ್ಟಣದ ಗಿರಣಿಯ ಮುಂದೆ ನಿಲ್ಲಿಸಿದಾಗ ಗಿರಣಿ ಯಜಮಾನ ಕೈಯ ಹಿಟ್ಟು ಒರೆಸಿಕೊಳ್ಳುತ್ತಾ ಬಂದು, "ಏನ್ ಸಾವ್ಕಾರ್ರೇ, ಕಾರು ಬಗ್ಗಿ ಏನೋ ಹುಡುಕ್ತಾ ಐತಲ್ಲ, ಬಿದ್ದೋಗಿದ್ದು ಸಿಕ್ತಾ?" ಅಂದ.

ಆದರೆ ಅವನಿಗೆಂದು ತಂದಿದ್ದ ಬೀಸುವ ಕಲ್ಲನ್ನು ಡಿಕ್ಕಿಯಿಂದ ಇಳಿಸಿದಾಗ ನನಗೊಂದು ಉಪಾಯ ಹೊಳೆಯಿತು. ಕಲ್ಲು ಇಳಿದ ಕೂಡಲೇ ಕಾರಿನ ಹಿಂಭಾಗ ಮೇಲೆದ್ದಿತು. ಅಂದರೆ, ಕಲ್ಲಿದ್ದರೆ ಕೂತಿರುತ್ತದೆ! ಅಂಗಡಿಯಲ್ಲಿ ಮೂಲೆಯಲ್ಲಿ ಬಿದ್ದಿದ್ದ ಎರಡು ಜೊತೆ ಹಳೆಯ ಗಿರಣಿ ಕಲ್ಲುಗಳನ್ನು ಡಿಕ್ಕಿಯಲ್ಲಿ, ಸ್ಟೆಪ್ನಿಯ ಮೇಲೆ, ಗೋಣಿಚೀಲ ಹಾಸಿ ಮಲಗಿಸಿದೆ. ಹಿಂದೆಯೂ ತಗ್ಗಿತು. ದೂರ ನಿಂತು ನೋಡಿದೆ. ಹೊಂಚು ಹಾಕಿದ ಚಿರತೆಯೇ. ಬೆರಳು ತೂರಿಸಿದೆ, ಒಂದೇ ಹಿಡಿಯಿತು. ಹಿಂಭಾಗದ ಖರ್ಚು ಸೊನ್ನೆ. ಆ ದಿನದಷ್ಟು ಸಂತೋಷ ನನಗೆ ಅಂಗಡಿ ತೆರೆದ ದಿನವೂ ಆಗಿರಲಿಲ್ಲ.

ಓಡಿಸುವುದು ಕಷ್ಟವಾಯಿತು, ಅದು ಬೇರೆ ಮಾತು. ಕೊರಟಗೆರೆಯ ರೋಡ್ ಹಂಪುಗಳಲ್ಲಿ ಕಾರಿನ ಹೊಟ್ಟೆ ಕೆರೆಯುವ ಸದ್ದಿಗೆ ಹೋಟೆಲಿನವರು ಹೊರಗೆ ಬಂದು ನೋಡುತ್ತಿದ್ದರು. ರಾತ್ರಿ ನನ್ನ ಸೊಂಟಕ್ಕೆ ಎಣ್ಣೆ ತಿಕ್ಕುತ್ತಾ ಹೆಂಡತಿ, "ಇಂಗೆ ಓಡಿಸ್ಕಂಡು ಯಾರನ್ನ ಸೋಲಿಸ್ಬೇಕೋ," ಅನ್ನುತ್ತಿದ್ದಳು. ಯಾರನ್ನು ಅಂತ ಅವಳಿಗೆ ಗೊತ್ತಿತ್ತು.

ಅತ್ತೆ ಮನೆಗೆ ಹೋಗಿ ಕಾರು ತೋರಿಸಿದೆ. ಹೂವಿನ ಅಲಂಕಾರದ ಖರ್ಚೂ ನನ್ನದೇ ಅಂದೆ. ಮದುವೆ ಹುಡುಗಿ ಸುತ್ತಲೂ ಒಂದು ಸುತ್ತು ಬಂದು, "ದೊಡ್ಡ ಭಾವನ ಕಾರಲ್ಲೇ ಹೋಗ್ತೀನಿ ಕಣಮ್ಮ," ಅಂದಳು. ಅತ್ತೆ ಒಪ್ಪಿದರು. ಪಕ್ಕದಲ್ಲೇ ಇದ್ದ ಷಡ್ಡಕ, "ಸೂಪರ್ ಅಣ್ಣಾ," ಅಂದ. ಅವನ ಮುಖದಲ್ಲಿ ಹೊಟ್ಟೆಕಿಚ್ಚು ಇಷ್ಟಾದರೂ ಕಾಣುತ್ತದೇನೋ ಅಂತ ನೋಡಿದೆ. ಕಾಣಲಿಲ್ಲ. ಅದೂ ನನ್ನನ್ನು ಉರಿಸಿತು.

ಮದುವೆ ಮಾಘ ಮಾಸದಲ್ಲಿ. ನಮ್ಮ ಕಡೆ ಅದು ಹುರುಳಿ ಒಕ್ಕುವ ಕಾಲ. ಕಣ ಮಾಡುವವರು ಈಗ ಕಡಿಮೆ. ಕಿತ್ತ ಹುರುಳಿ ಗಿಡವನ್ನು ಟಾರು ರಸ್ತೆಯ ಮೇಲೆ ಮೊಣಕಾಲೆತ್ತರ ಹಾಸಿಬಿಡುತ್ತಾರೆ. ಬಸ್ಸು, ಲಾರಿ, ಕಾರುಗಳು ಅದರ ಮೇಲೆ ಹರಿದು ಕಾಳು ಉದುರಿಸುತ್ತವೆ. ಪಕ್ಕಕ್ಕೆ ಸರಿದು ಹೋದರೆ ಹೆಂಗಸರು, "ಯಾಕೆ, ನಮ್ ಹುರುಳಿ ಮುಳ್ಳಾ?" ಅಂತ ಕೂಗುತ್ತಾರೆ. ಮೇಲೆ ಹಾಯಿಸುವುದೇ ಮರ್ಯಾದೆ. ಇಷ್ಟು ವರ್ಷ ನಾನು ಎಷ್ಟೋ ಜನರ ಹುರುಳಿ ಒಕ್ಕಿಕೊಟ್ಟಿದ್ದೇನೆ.

ಮಧ್ಯಾಹ್ನ ಹೆಣ್ಣು ಹೊರಟಿತು. ಹಿಂದಿನ ಸೀಟಿನಲ್ಲಿ ಮದುಮಗಳು, ಅತ್ತೆ, ನನ್ನ ಹೆಂಡತಿ, ನನ್ನ ಪಕ್ಕ ಭಾರಿ ಮೈಯ ಸೋದರತ್ತೆ, ಡಿಕ್ಕಿಯಲ್ಲಿ ಕಲ್ಲುಗಳು. ಟೈರು ಬಾಡಿಗೆ ಉಜ್ಜುವ ಸದ್ದು ಕೇಳಿದರೂ ನಾದಸ್ವರದ ಹಾಡು ಜೋರು ಮಾಡಿದೆ. ಹಿಂದೆ ಷಡ್ಡಕನ ಬೋಳು ಕಾರು ಬರುತ್ತಿರುವುದನ್ನು ಕನ್ನಡಿಯಲ್ಲಿ ನೋಡುತ್ತಾ, ನೋಡುತ್ತಾ ಹೋದೆ. ತಿರುವು ದಾಟಿದರೆ ರಸ್ತೆ ತುಂಬ ಹುರುಳಿ. ಹೆಂಗಸರು ಬನ್ನಿ ಬನ್ನಿ ಅಂತ ಕೈ ಬೀಸಿದರು. ಎಂದಿನ ಹಾಗೆ ನುಗ್ಗಿಸಿದೆ.

ಕಾರು ಒಕ್ಕಲಿಲ್ಲ, ಬಾಚಿಕೊಂಡಿತು. ಅರ್ಧಕ್ಕೆ ಹೋಗುವಷ್ಟರಲ್ಲಿ ಗಿಡದ ರಾಶಿಯೆಲ್ಲ ಹೊಟ್ಟೆಯಡಿ ಸೇರಿ, ಚಕ್ರದ ಅಚ್ಚಿಗೆ ಹುರಿ ಹೊಸೆದಂತೆ ಸುತ್ತಿಕೊಂಡು, ಕಾರು ಗಕ್ಕನೆ ನಿಂತಿತು. ಸುಟ್ಟ ವಾಸನೆ ಬಂತು. ಅಡಿಯಿಂದ ಹೊಗೆ.

"ಅಣ್ಣಾ, ಆಫ್ ಮಾಡು! ಎಲ್ಲಾ ಇಳೀರಿ, ಇಳೀರಿ!" ಷಡ್ಡಕ ಓಡಿಬಂದ. ಅವನು ಹುರುಳಿಯ ಅಂಚಿನಲ್ಲೇ ಕಾರು ನಿಲ್ಲಿಸಿ ಬಂದಿದ್ದ. ಹೆಂಗಸರು ಕುಡಿಯುವ ನೀರಿನ ಬಿಂದಿಗೆ ತಂದು ಸುರಿದರು. ಹೊಗೆ ನಿಂತಿತು. ಒಬ್ಬಳು ಬಗ್ಗಿ ನೋಡಿ, "ಅಯ್ಯೋ, ನಮ್ ಹುರುಳಿನೆಲ್ಲಾ ಬಸುರು ಮಾಡ್ಕಂಡು ಹೊಂಟೈತಲ್ಲೇ ಈ ಕಾರು!" ಅಂದಳು. ಮದುಮಗಳೂ ಬಾಯಿಗೆ ಸೆರಗು ಹಿಡಿದಳು.

ಗಿಡ ಕೀಳಬೇಕಾದರೆ ಕಾರನ್ನು ಎತ್ತಬೇಕು. ಜಾಕ್ ಇರುವುದು ಸ್ಟೆಪ್ನಿಯ ಪಕ್ಕ, ಕಲ್ಲುಗಳ ಅಡಿಯಲ್ಲಿ. ಡಿಕ್ಕಿ ತೆರೆಯಲೇಬೇಕಾಯಿತು. ಅತ್ತೆ ಇಣುಕಿ ನೋಡಿದರು.

"ಏನ್ರಪ್ಪಾ ಇದು? ಮದ್ವೆ ಮನೇಲಿ ರಾಗಿ ಬೀಸಕ್ಕೆ ಹೊಂಟಿದ್ದೀರಾ?"

ನಾನು ಆರ್ಡರಿನ ಮಾಲು ಅಂದೆ. ಷಡ್ಡಕ ಕಲ್ಲು ನೋಡಿದ, ಕಾರಿನ ಹಿಂಭಾಗ ನೋಡಿದ, ಎಲ್ಲ ಅರ್ಥವಾಯಿತು. ಕಲ್ಲುಗಳನ್ನು ಒಂದೊಂದಾಗಿ ಕೆಳಗಿಳಿಸಿ ಜಾಕ್ ತೆಗೆದುಕೊಟ್ಟ. ಮುಹೂರ್ತದ ಹೊತ್ತಲ್ಲದಿದ್ದರೂ ಆರತಕ್ಷತೆಗೆ ತಡವಾಗುತ್ತಿತ್ತು. ಅವನು ಒಂದು ಬದಿಯ ಹುರುಳಿಯನ್ನು ಕಾಲಿನಿಂದ ಸರಿಸಿ ದಾರಿ ಮಾಡಿಕೊಂಡು, ಮದುಮಗಳನ್ನೂ ಉಳಿದವರನ್ನೂ ತನ್ನ ಕಾರಿನಲ್ಲಿ ಕೂರಿಸಿಕೊಂಡು ಹೊರಟ. ನನ್ನ ಹೆಂಡತಿಯೂ ಹತ್ತಿದಳು. ಹೆಂಗಸರು ಕುಡುಗೋಲಿನಿಂದ ಗಿಡ ಕೊಯ್ದು ಕೊಯ್ದು ತೆಗೆದರು. ಆಮೇಲೆ ಕಲ್ಲುಗಳನ್ನೆತ್ತಿ, ಹತ್ತಿರ ತೆರೆದಿದ್ದ ಬಾಗಿಲಿನಿಂದ ಹಿಂದಿನ ಸೀಟಿಗೇ ತಳ್ಳಿದರು. ನಾನು ಜಾಕ್ ಇಳಿಸಿ, ಹೊತ್ತಾಯಿತೆಂದು ಹಾಗೆಯೇ ಕಾರು ಹೊರಡಿಸಿದೆ.

ಛತ್ರದ ಬಾಗಿಲಲ್ಲಿ ವಿಡಿಯೊದವನು ಷಡ್ಡಕನ ಕಾರನ್ನು, ಒಳಗೆ ಹೆಣ್ಣಿರುವುದು ತಿಳಿಯದೆ, ಪಕ್ಕಕ್ಕೆ ಕಳಿಸಿದ್ದನಂತೆ, ಹೂವಿನ ಕಾರು ಬರಲಿ ಅಂತ. ನಾನು ಬಂದೆ. ಲೈಟು ಬಿತ್ತು, ವಾಲಗ ಏರಿತು, ಗಂಡಿನ ಕಡೆಯ ಹೆಂಗಸರು ಆರತಿ ತಟ್ಟೆ ಹಿಡಿದು ಮುಂದೆ ಬಂದು ಹಿಂದಿನ ಬಾಗಿಲು ತೆರೆದರು. ಸೀಟಿನ ಮೇಲೆ ಗೋಣಿ ಹೊದ್ದು ಗಿರಣಿ ಕಲ್ಲುಗಳು ಕೂತಿದ್ದವು.

"ಹೆಣ್ಣೆಲ್ಲಮ್ಮ? ಇವ್ರು ಕಲ್ ಕೂರಿಸ್ಕಂಡ್ ಬಂದವ್ರೆ!"

ಆಚೆ ಬೋಳು ಕಾರಿನಿಂದ ಮದುಮಗಳು ಇಳಿದಳು. ಬಾಗಿಲು ತೆರೆದು ಹಿಡಿದವನು ಷಡ್ಡಕ. ಆರತಿ ಅಲ್ಲಿಗೆ ಓಡಿತು. ನನ್ನ ಕಲ್ಲುಗಳು ಮದುವೆ ವಿಡಿಯೊದಲ್ಲಿ ಇವತ್ತಿಗೂ ಇವೆ, ಹಾಕಿದಾಗಲೆಲ್ಲ ಅಲ್ಲಿ ನಿಲ್ಲಿಸಿ ನೋಡುತ್ತಾರೆ. ಕಲ್ಲು ಯಾಕಿತ್ತು ಅಂತ ಷಡ್ಡಕ ಯಾರ ಮುಂದೆಯೂ ಬಾಯಿ ಬಿಟ್ಟಿಲ್ಲ. "ಹೆಣ್ಣನ್ನ ತಂದು ಮುಟ್ಸಿ ಒಂದ್ ಮಾತೂ ಆಡ್ಕಳ್ಲಿಲ್ಲ, ಎಷ್ಟು ದೊಡ್ಡ ಮನ್ಸು ನೋಡಿ," ಅಂತಾರೆ ಅತ್ತೆ. ಕಾರಾದರೆ ಕತ್ತರಿಸಿ ಸರಿಸಮ ಮಾಡಬಹುದು, ಇದನ್ನು ಏನು ಮಾಡುವುದು?

ನೀವು ದಿನಾ ಓಡಿಸುವ ಕಾರನ್ನು ತಗ್ಗಿಸಬೇಕೆಂದಿದ್ದರೆ ನನ್ನ ಮಾತು ಕೇಳಿ. ಸ್ಪ್ರಿಂಗ್ ಕತ್ತರಿಸಬೇಡಿ. ಮತ್ತೆ ಹಳೆಯ ಎತ್ತರಕ್ಕೆ ತರಲು ನಾನು ಬೇರೆ ಜೋಡಿ ಕೊಳ್ಳಬೇಕಾಯಿತು, ಒಳಬದಿ ಸವೆದ ಎರಡು ಟೈರು ಬದಲಿಸಬೇಕಾಯಿತು. ಮೊದಲು ದಿನವೂ ಹತ್ತುವಷ್ಟು ಜನರನ್ನು ಹತ್ತಿಸಿ, ಹೇರುವಷ್ಟು ಸಾಮಾನು ಹೇರಿ, ನೆಲಕ್ಕೂ ಹೊಟ್ಟೆಗೂ ಎಷ್ಟು ಜಾಗ ಉಳಿಯುತ್ತದೆ ನೋಡಿ. ಖಾಲಿ ಕಾರನ್ನು ಅಳೆದು ಮೋಸ ಹೋಗಬೇಡಿ. ನಿಮ್ಮ ಮಾಡೆಲ್ಲಿಗೇ ಮಾಡಿದ ಗಿಡ್ಡ ಸ್ಪ್ರಿಂಗ್ ಸಿಗುತ್ತದೆ, ನಾಲ್ಕೂ ಚಕ್ರಕ್ಕೆ ಹಾಕಿಸಿ. ಚೌಕಾಸಿ ಕೂಲಿಯಲ್ಲಿ ಮಾಡಿ, ಮಾಲಿನಲ್ಲಿ ಬೇಡ. ಜಾಕ್ ಕೊಟ್ಟು ಚಕ್ರ ಎತ್ತಿದಾಗ ಸ್ಪ್ರಿಂಗ್ ಸಡಿಲವಾಗಿ ಅಲುಗಾಡಿದರೆ ಆ ಕಾರನ್ನು ಹೊರಗೆ ತರಬೇಡಿ. ಅಲೈನ್‌ಮೆಂಟ್ ಅದೇ ದಿನ ಆಗಲಿ, ಹೆಡ್‌ಲೈಟ್ ಎಲ್ಲಿ ಬೀಳುತ್ತದೆ ನೋಡಿಸಿ. ಇನ್ಶೂರೆನ್ಸಿನವರನ್ನೂ ಆರ್‌ಟಿಒದವರನ್ನೂ ಮೊದಲೇ ವಿಚಾರಿಸಿ. ಹುರುಳಿ ಹಾಸಿದಲ್ಲಿ ಇಳಿದು, ಬೈಸಿಕೊಂಡಾದರೂ ಸರಿ, ಬದಿಗೆ ಸರಿಸಿ ಹೋಗಿ.

ಷಡ್ಡಕನ ಕಾರು ನೋಡಿ ಮಾಡಿಸುವವರಾದರೆ, ಎಲ್ಲಿ ಮಾಡಿಸಿದ, ಏನೇನು ಹಾಕಿಸಿದ ಅಂತ ಅವನನ್ನೇ ಕೇಳಿ. ಬೆರಳು ತೂರಿಸಿದರೆ ಒಳಗಿನ ಸ್ಪ್ರಿಂಗ್ ಯಾವುದೆಂದು ಗೊತ್ತಾಗುವುದಿಲ್ಲ. ಕೇಳುವಾಗ ನಿಮ್ಮ ಮುಖ ಬಿಗಿದುಕೊಳ್ಳುತ್ತದೆ. ಟೈರಿನ ಕಡೆ ತಿರುಗಿಕೊಂಡು ಕೇಳಿ.